ಬೆಳೆದ ನಾಯಿ ಕಲಿಯಲಾರದೆ?

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?’ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಬೀದಿಯಲ್ಲಿ ಬೆಳೆದ ನಾಯಿಯನ್ನು ಮನೆಗೆ ತಂದವರು, ಅದು ನಡುಮನೆಯಲ್ಲಿ ಮೂತ್ರ ಮಾಡಿದೊಡನೆ ಈ ಗಾದೆಯನ್ನು ನೆನೆಯುತ್ತಾರೆ. ಕೆಲವು ದಿನ ಹೊಡೆದು ನೋಡಿ, ಕೊನೆಗೆ ಅದನ್ನು ಮರಳಿ ಬೀದಿಗೆ ಅಟ್ಟುವವರೂ ಉಂಟು. ಗಾದೆಯು ಮರಕ್ಕೆ ಒಪ್ಪಬಹುದು. ನಾಯಿಗೆ ಒಪ್ಪದೆಂಬುದೇ ನಮ್ಮ ಅಭಿಪ್ರಾಯ.

ಎಳೆಯ ಮರಿಗೆ ಮೂತ್ರಕೋಶದ ಮೇಲೆ ಹತೋಟಿ ಸಾಲದು. ಆರೋಗ್ಯವಾಗಿರುವ ಬೆಳೆದ ನಾಯಿಯಾದರೋ ಹಲವು ಗಂಟೆಗಳ ಕಾಲ ತಡೆದುಕೊಳ್ಳಬಲ್ಲುದು. ಅದಕ್ಕೆ ಕೊರತೆಯಾಗಿರುವುದು ಶಕ್ತಿಯಲ್ಲ, ತಿಳಿವಳಿಕೆ. ಹೊಸ್ತಿಲಿನ ಒಳಗು ಬೇರೆ, ಹೊರಗು ಬೇರೆ ಎಂಬುದನ್ನು ಅದಕ್ಕೆ ಯಾರೂ ಕಲಿಸಿರುವುದಿಲ್ಲ.

ಕಲಿಸುವ ಬಗೆ ಯಾವುದು? ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದಕ್ಕೆ ದಾರಿ ತೋರಿಸುತ್ತವೆ. ಪೆಟ್ಟಿಗೆಯ ಬಾಗಿಲನ್ನು ತಾನೇ ತೆರೆದು ಹೊರಬಂದ ಬೆಕ್ಕಿಗೆ ಆಹಾರ ದೊರೆಯುತ್ತಿತ್ತು. ಯತ್ನಗಳು ಹೆಚ್ಚಿದಂತೆ ಹೊರಬರಲು ಹಿಡಿಯುವ ಕಾಲ ಕಡಿಮೆಯಾಯಿತು. ಒಳ್ಳೆಯ ಫಲವನ್ನು ಕೊಟ್ಟ ಕ್ರಿಯೆ ನೆಲೆಗೊಳ್ಳುತ್ತದೆ. ಆದುದರಿಂದ ನಾಯಿಯನ್ನು ನಿದ್ದೆಯಿಂದ ಎದ್ದೊಡನೆ, ಊಟವಾದ ಮೇಲೆ, ರಾತ್ರಿ ಮಲಗುವ ಮುನ್ನ, ಮೊದಮೊದಲು ನಡುನಡುವೆ ಎರಡು ಮೂರು ಗಂಟೆಗೊಮ್ಮೆ, ಹೊರಗಿನ ಒಂದೇ ಜಾಗಕ್ಕೆ ಕರೆದೊಯ್ಯಬೇಕು. ಕೆಲಸ ಮುಗಿದ ಕ್ಷಣದಲ್ಲಿಯೇ ಮೆಚ್ಚುಗೆಯ ಮಾತನ್ನೂ ಒಂದು ತುಣುಕು ತಿಂಡಿಯನ್ನೂ ಕೊಡಬೇಕು. ಮನೆಯೊಳಕ್ಕೆ ಬಂದ ಮೇಲೆ ಕೊಟ್ಟರೆ, ಅದು ಒಳಗೆ ಬಂದುದಕ್ಕೆ ಸಂದ ಬಹುಮಾನವಾಗುವುದೇ ಹೊರತು ಬೇರೆಯಲ್ಲ.

ದಂಡನೆಗೂ ಇದೇ ನ್ಯಾಯ. ಬೆಳಗ್ಗೆ ಆದುದಕ್ಕೆ ಸಂಜೆ ಹೊಡೆದರೆ ನಾಯಿಗೆ ಆ ಸಂಬಂಧ ತಿಳಿಯದು. ‘ಅದರ ಮುಖವೇ ತಪ್ಪನ್ನು ಒಪ್ಪಿಕೊಳ್ಳುತ್ತದೆಯಲ್ಲ!’ ಎಂದು ಕೆಲವರು ಹೇಳಬಹುದು. ನ್ಯೂಯಾರ್ಕಿನ ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬ ವಿಜ್ಞಾನಿ 14 ನಾಯಿಗಳ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆ ಮುಖಭಾವಕ್ಕೂ ಮಾಡಿದ ತಪ್ಪಿಗೂ ಸಂಬಂಧ ಕಾಣಲಿಲ್ಲ; ಒಡೆಯರ ಗದರಿಕೆಗೆ ಅದು ಉತ್ತರವಾಗಿದ್ದಿತು. ಏಟು ತಿಂದ ನಾಯಿ ಕಲಿಯುವ ಪಾಠ ಒಂದೇ: ಒಡೆಯನ ಕಣ್ಣಿಗೆ ಬೀಳದಂತೆ ಮಂಚದ ಹಿಂದೆ ಹೋಗಬೇಕು!

ಇನ್ನೆರಡು ಸಂಗತಿಗಳನ್ನು ಮರೆಯಬಾರದು. ಮೂತ್ರದ ವಾಸನೆ ಉಳಿದ ನೆಲ ನಾಯಿಯನ್ನು ಮತ್ತೆ ಅಲ್ಲಿಗೇ ಕರೆಯುತ್ತದೆ. ಮೂತ್ರದಲ್ಲಿನ ಯೂರಿಯಾ ಬ್ಯಾಕ್ಟೀರಿಯಗಳಿಂದ ಒಡೆದು ಅಮೋನಿಯ ಹುಟ್ಟುವುದರಿಂದ, ಅಮೋನಿಯ ಬೆರೆತ ದ್ರಾವಣದಿಂದ ತೊಳೆಯುವುದು ಸಲ್ಲದು; ವಾಸನೆಯ ವಸ್ತುಗಳನ್ನೇ ಒಡೆಯುವ ಕಿಣ್ವಯುಕ್ತ ದ್ರಾವಣ ಮೇಲು. ಎರಡನೆಯದಾಗಿ, ಪಾಠ ಕಲಿತಿದ್ದ ನಾಯಿ ಇದ್ದಕ್ಕಿದ್ದಂತೆ ಅದನ್ನು ಮರೆತರೆ ಮೂತ್ರನಾಳದ ಸೋಂಕೋ ಸಿಹಿಮೂತ್ರ ರೋಗವೋ ಕಾರಣವಿರಬಹುದು. ಆಗ ಪಶುವೈದ್ಯರನ್ನು ಕಾಣಬೇಕು.

ವಿದ್ಯಾರ್ಥಿಗಳಿಗೆ ನಮ್ಮ ಸಲಹೆ ಇಷ್ಟೆ. ನಾಯಿ ಉಂಡ ಹೊತ್ತು, ಹೊರಗೆ ಹೋದ ಹೊತ್ತು, ತಪ್ಪಿದ ಹೊತ್ತು, ಇವನ್ನು ಎರಡು ವಾರ ಪುಸ್ತಕದಲ್ಲಿ ಗುರುತಿಸಿರಿ. ತಪ್ಪಿದ್ದು ಬಹುಮಟ್ಟಿಗೆ ನಮ್ಮ ವೇಳೆಯೇ ಎಂಬುದು ಅದರಿಂದ ಗೊತ್ತಾಗುತ್ತದೆ. ಪ್ರಯೋಗಶಾಲೆಯಲ್ಲಿ ನಿರೀಕ್ಷಿಸಿದ ಫಲ ಬಾರದಿದ್ದರೆ ನಾವು ಉಪಕರಣವನ್ನು ಥಳಿಸುವುದಿಲ್ಲ. ನಮ್ಮ ಕ್ರಮವನ್ನು ತಿದ್ದಿಕೊಳ್ಳುತ್ತೇವೆ. ನೋವನ್ನು ಅರಿಯದ ಉಪಕರಣಕ್ಕೆ ತೋರುವ ಈ ನ್ಯಾಯವನ್ನು, ನೋವನ್ನು ಅರಿಯುವ ಪ್ರಾಣಿಗೂ ತೋರಬೇಡವೆ?