ಪಾಂಡವಪುರಕ್ಕೆ ಜೂಜಿನ ಪಾಠ ಬೇಕೇ?

2020ರ ಫೆಬ್ರವರಿಯಲ್ಲಿ ಅಂದಿನ ಪ್ರವಾಸೋದ್ಯಮ ಸಚಿವ ಸಿ.ಟಿ. ರವಿ ಕರ್ನಾಟಕದಲ್ಲೂ ಕ್ಯಾಸಿನೊ ತೆರೆಯುವ ಮಾತಾಡಿದರು. ವಿರೋಧ ಬಂದಾಗ ಹಿಂದೆ ಸರಿದರು. ಆ ಆಸೆ ಸತ್ತಿದೆಯೆಂದು ನಾವು ನಂಬುವುದಿಲ್ಲ.

ಮರುಭೂಮಿಯ ಲಾಸ್ ವೇಗಾಸ್‌ನಲ್ಲಿ 1999ರಲ್ಲಿ ತೆರೆದ ‘ವೆನೀಷಿಯನ್’ ಕ್ಯಾಸಿನೊದಲ್ಲಿ ವೆನಿಸ್ ನಗರದ ನಕಲಿ ಕಾಲುವೆ, ದೋಣಿ, ಬಣ್ಣ ಬಳಿದ ಆಕಾಶ ಎಲ್ಲವೂ ಇವೆ. ಎಲ್ಲವೂ ಜೂಜಿನ ಮೇಜಿಗೆ ಕರೆದೊಯ್ಯುವ ದಾರಿಗಳೇ.

ನಾಗಮಂಗಲದ ಕೂಲಿಯಾಳು ಮರದಡಿ ಕೂತು ಅಂದರ್-ಬಾಹರ್ ಆಡಿದರೆ ಪೊಲೀಸ್ ಜೀಪು ಬರುತ್ತದೆ. ಸಿರಿವಂತರು ತಣ್ಣನೆಯ ಕೋಣೆಯಲ್ಲಿ ಆಡಿದರೆ ಅದು ಪ್ರವಾಸೋದ್ಯಮವೇ?

ಕುರ್‌ಆನ್ ಮದ್ಯವನ್ನೂ ಜೂಜನ್ನೂ ಜೊತೆಯಲ್ಲೇ ನಿಷೇಧಿಸಿತು. ಪಗಡೆಯಲ್ಲಿ ರಾಜ್ಯವನ್ನೂ ದ್ರೌಪದಿಯನ್ನೂ ಸೋತವರ ಹೆಸರನ್ನೇ ಪಾಂಡವಪುರ ಹೊತ್ತಿದೆ. ಪಕ್ಕದ ಶ್ರೀರಂಗಪಟ್ಟಣಕ್ಕೆ ಜನ ಬರುವುದು ರಂಗನಾಥನಿಗೆ, ಗುಂಬಜ್‌ಗೆ, ಕಾವೇರಿಗೆ. ಮೊದಲು ಅವನ್ನು ಚೊಕ್ಕಟವಾಗಿಡಿ. ಸೋತವನ ಮನೆಯ ಅಕ್ಕಿ ಡಬ್ಬಿಯಿಂದ ಸರಕಾರದ ಬೊಕ್ಕಸ ತುಂಬುವುದು ಬೇಡ.