ದೇಹದಲ್ಲುಳಿದ ಪೂರ್ವದ ಗುರುತುಗಳು

ಓದುಗರು ಒಂದು ಕ್ಷಣ ಪತ್ರಿಕೆಯನ್ನು ಬದಿಗಿರಿಸಿ, ಅಂಗೈಯನ್ನು ಮೇಲ್ಮುಖವಾಗಿ ಚಾಚಿ, ಹೆಬ್ಬೆರಳನ್ನು ಕಿರುಬೆರಳಿಗೆ ತಾಗಿಸಿ ಮಣಿಕಟ್ಟನ್ನು ತುಸು ಒಳಕ್ಕೆ ಬಾಗಿಸಿ ನೋಡಬೇಕು. ಬಹುಮಂದಿಯಲ್ಲಿ ಮಣಿಕಟ್ಟಿನ ನಡುವೆ ಹುರಿಯಂತಹುದೊಂದು ಎದ್ದು ಕಾಣುವುದು. ಜನ ಇದನ್ನು ನರವೆನ್ನುವರು; ವಾಸ್ತವದಲ್ಲಿ ಅದು ಪಾಲ್ಮಾರಿಸ್ ಲಾಂಗಸ್ ಎಂಬ ಸ್ನಾಯುವಿನ ರಜ್ಜು. ಸರಾಸರಿ ನೂರಕ್ಕೆ 15ರಷ್ಟು ಜನರಲ್ಲಿ ಇದು ಒಂದು ಕೈಯಲ್ಲಾಗಲಿ ಎರಡರಲ್ಲಾಗಲಿ ಇರುವುದೇ ಇಲ್ಲ. ಈ ಲೇಖಕನ ಎಡಗೈಯಲ್ಲೂ ಇಲ್ಲ. ಕೊಡ ಎತ್ತುವುದಕ್ಕೆ ಅದರಿಂದ ಯಾವ ತೊಂದರೆಯೂ ಆದುದಿಲ್ಲ. ಬೇರೆಡೆ ತುಂಡಾದ ರಜ್ಜುವನ್ನು ಸರಿಪಡಿಸಲು ಶಸ್ತ್ರವೈದ್ಯರು ಇದನ್ನೇ ತೆಗೆದು ಜೋಡಿಸುವುದುಂಟು.

ಪೂರ್ವಜ ಜೀವಿಗಳಿಗೆ ಬೇಕಾಗಿದ್ದು, ನಮ್ಮಲ್ಲಿ ಕುಗ್ಗಿಹೋದ ಇಂತಹವನ್ನು ಅವಶೇಷಾಂಗಗಳೆನ್ನುತ್ತಾರೆ. ಗರ್ಭದಲ್ಲಿ ಎರಡನೆಯ ತಿಂಗಳಲ್ಲಿ ಶಿಶುವಿಗೆ ಪುಟ್ಟ ಬಾಲವಿರುತ್ತದೆ. ಅದು ಕರಗಿ, ಬೆನ್ನೆಲುಬಿನ ತುದಿಯಲ್ಲಿ ಬಾಲಮೂಳೆ ಮಾತ್ರ ಉಳಿಯುವುದು. ಚಳಿಗೆ ನವಿರೇಳುವುದೂ ಮೈತುಂಬ ಕೂದಲಿದ್ದ ಕಾಲದ ನೆನಪೇ.

ಆದರೆ 'ನಿರುಪಯುಕ್ತ' ಎಂಬ ಶಬ್ದವನ್ನು ಅವಸರದಿಂದ ಬಳಸಬಾರದು. 1893ರಲ್ಲಿ ಜರ್ಮನಿಯ ವೀಡರ್ಸ್‌ಹೈಮ್ ಎಂಬ ಅಂಗರಚನಾ ಶಾಸ್ತ್ರಜ್ಞರು ಇಂತಹ 86 ಅಂಗಗಳ ಪಟ್ಟಿ ಮಾಡಿದರು. ಅದರಲ್ಲಿ ಎದೆಯೊಳಗಿನ ಥೈಮಸ್ ಗ್ರಂಥಿಯೂ ಸೇರಿತ್ತು. ಆ ಗ್ರಂಥಿಯಿಲ್ಲದೆ ರೋಗನಿರೋಧಕ ಶಕ್ತಿಯೇ ಬೆಳೆಯದೆಂಬುದನ್ನು 1961ರಲ್ಲಿ ಜಾಕ್ ಮಿಲ್ಲರ್ ತೋರಿಸಿಕೊಟ್ಟರು!

ಅಪೆಂಡಿಕ್ಸಿನ ಕಥೆಯೂ ಇಂತಹುದೇ. ದೊಡ್ಡ ಕರುಳಿನ ಆರಂಭದಲ್ಲಿ ಬೆರಳಿನಂತೆ ಜೋತುಬಿದ್ದಿರುವ ಈ ಅಂಗವನ್ನು, ಸೊಪ್ಪುಸದೆ ಜೀರ್ಣಿಸುತ್ತಿದ್ದ ದೊಡ್ಡ ಚೀಲದ ಅವಶೇಷವೆಂದು ಡಾರ್ವಿನ್ನರು 1871ರಲ್ಲಿ ಬರೆದರು. ಅಲ್ಲಿ ರೋಗನಿರೋಧಕ ಕಣಗಳ ಅಂಗಾಂಶ ದಟ್ಟವಾಗಿರುವುದು ಈಗ ತಿಳಿದಿದೆ. ಭೇದಿಯಾಗಿ ಕರುಳು ಬರಿದಾದಾಗ ಉಪಕಾರಿ ಬ್ಯಾಕ್ಟೀರಿಯಾಗಳು ಅಲ್ಲಿಂದ ಮರಳಿ ಹರಡುವುವೆಂದು 2007ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ಊಹಿಸಿದರು. ಸಸ್ತನಿಗಳಲ್ಲಿ ಈ ಅಂಗ 30 ಬಾರಿಗೂ ಹೆಚ್ಚು ಬೇರೆ ಬೇರೆಯಾಗಿ ವಿಕಾಸಗೊಂಡಿರಬೇಕೆಂದು 2013ರ ಒಂದು ಅಧ್ಯಯನ ಹೇಳಿತು. ಬೇಡದ ವಸ್ತುವನ್ನು ಪ್ರಕೃತಿ ಅಷ್ಟು ಸಲ ಮಾಡುವುದೇ? ಆದರೂ ಅದನ್ನು ತೆಗೆಸಿಕೊಂಡವರು ಸುಖವಾಗಿಯೇ ಬಾಳುತ್ತಾರೆ.

ತೆಗೆಸಬೇಕಾದ ಪ್ರಸಂಗವೂ ಅಪರೂಪವಲ್ಲ. ಆಯುಷ್ಯದಲ್ಲಿ ನೂರಕ್ಕೆ ಏಳೆಂಟು ಮಂದಿಗೆ ಅಪೆಂಡಿಕ್ಸಿನ ಉರಿಯೂತ ಬರುವುದು. ತಾಯಂದಿರು ಗಮನಿಸಬೇಕು: ನೋವು ಸಾಮಾನ್ಯವಾಗಿ ಹೊಕ್ಕುಳ ಸುತ್ತ ಆರಂಭವಾಗಿ, ಕೆಲವು ಗಂಟೆಗಳಲ್ಲಿ ಹೊಟ್ಟೆಯ ಬಲ ಕೆಳಭಾಗಕ್ಕೆ ಇಳಿಯುತ್ತದೆ. ಊಟ ಸೇರದು, ವಾಕರಿಕೆ, ಸಣ್ಣ ಜ್ವರ. ನಡೆದರೂ ಕೆಮ್ಮಿದರೂ ನೋವು ಹೆಚ್ಚುವುದು. ಚಿಕ್ಕ ಮಕ್ಕಳಲ್ಲಿಯೂ ವೃದ್ಧರಲ್ಲಿಯೂ ಲಕ್ಷಣಗಳು ಇಷ್ಟು ಸ್ಪಷ್ಟವಾಗಿರುವುದಿಲ್ಲ. ಅಜೀರ್ಣವೆಂದು ಬಗೆದು ಹರಳೆಣ್ಣೆ ಕುಡಿಸುವ ರೂಢಿ ನಮ್ಮ ಮನೆಗಳಲ್ಲಿ ಇನ್ನೂ ಪೂರ್ತಿ ಅಳಿದಿಲ್ಲ. ಇಂತಹ ನೋವಿನಲ್ಲಿ ಅದು ಅಪಾಯಕರ. ಕರುಳಿನ ಚಲನೆ ಹೆಚ್ಚಿ, ಊದಿದ ಅಪೆಂಡಿಕ್ಸ್ ಒಡೆದು ಕೀವು ಹೊಟ್ಟೆಯೊಳಗೆ ಹರಡಬಹುದು. ಬಿಸಿನೀರಿನ ಶಾಖವೂ ಬೇಡ. ಒಮ್ಮೆಲೇ ನೋವು ಇಳಿದರೆ ಗುಣವಾಯಿತೆಂದು ಸಮಾಧಾನಪಡಲಾಗದು. ಒಡೆದಾಗಲೂ ಕೆಲಕಾಲ ಹಾಗಾಗುವುದುಂಟು. ತಿನ್ನಲು ಕುಡಿಯಲು ಏನನ್ನೂ ಕೊಡದೆ, ರಾತ್ರಿಯಾದರೂ ಸರಿ, ರೋಗಿಯನ್ನು ಶಸ್ತ್ರಚಿಕಿತ್ಸೆಯ ಸೌಕರ್ಯವಿರುವ ಆಸ್ಪತ್ರೆಗೆ ಕರೆದೊಯ್ಯಬೇಕು.