ಪಂಜರದ ಗಿಳಿಗೆ ಚಿಕಿತ್ಸೆ

ಮನೆಯಲ್ಲಿ ಸಾಕಿದ ಹಸುರು ಗಿಳಿಯು ರೋಗಪೀಡಿತವಾದೊಡನೆ ಯಜಮಾನನಿಗೆ ಎರಡು ಚಿಂತೆಗಳು ತಲೆದೋರುತ್ತವೆ. ಪಕ್ಷಿರೋಗಗಳನ್ನು ಬಲ್ಲ ವೈದ್ಯರು ಎಲ್ಲಿರುವರೆಂಬುದು ಒಂದು. ಗಿಳಿಯನ್ನು ಅಲ್ಲಿಗೆ ಒಯ್ದರೆ ತಾನೇ ಸಿಕ್ಕಿಬೀಳುವೆನೇ ಎಂಬುದು ಇನ್ನೊಂದು. ಎರಡನೆಯ ಚಿಂತೆಯು ನಿರಾಧಾರವಾದುದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ನಮ್ಮ ದೇಶದ ಗಿಳಿಗಳನ್ನು ಹಿಡಿಯುವುದೂ ಮಾರುವುದೂ ಸಾಕುವುದೂ ಅಪರಾಧ. 2022ರ ತಿದ್ದುಪಡಿಯ ಬಳಿಕ ಮೂರು ವರ್ಷಗಳ ವರೆಗೆ ಸೆರೆಯನ್ನೂ ಒಂದು ಲಕ್ಷ ರೂಪಾಯಿಗಳ ವರೆಗೆ ದಂಡವನ್ನೂ ವಿಧಿಸಬಹುದಾಗಿದೆ.

ಕಾಯಿದೆಯು ನ್ಯಾಯವಾದುದೇ. ಆದರೆ ಅದರ ಭಯದಿಂದ ಚಿಕಿತ್ಸೆ ತಡವಾದರೆ ಸಾಯುವುದು ಗಿಳಿಯೇ ಹೊರತು ಅದನ್ನು ಹಿಡಿದು ಮಾರಿದವನಲ್ಲ. ಪಕ್ಷಿಗಳು ಕಾಯಿಲೆಯನ್ನು ಮರೆಮಾಚುತ್ತವೆ. ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕುಳಿತು, ಉಸಿರಾಟದೊಡನೆ ಬಾಲವನ್ನು ಆಡಿಸುವ ವೇಳೆಗೆ ರೋಗವು ಬಲಿತಿರುತ್ತದೆ. ಗಿಳಿಗಳ ಜ್ವರವೊಂದು ಮನೆಮಂದಿಗೂ ಅಂಟಬಲ್ಲುದು. ಆಗ ಮನುಷ್ಯರ ಗುಳಿಗೆಯನ್ನು ಅರೆದು ಕುಡಿಸುವುದು ಔಷಧವಲ್ಲ, ಅಪಾಯ.

ದಿಲ್ಲಿಯ ಚಾಂದನಿ ಚೌಕದ ಜೈನ ಪಕ್ಷಿ ಆಸ್ಪತ್ರೆಯು 1929ರಿಂದ ಧರ್ಮಾರ್ಥವಾಗಿ ಹಕ್ಕಿಗಳ ಶುಶ್ರೂಷೆ ಮಾಡುತ್ತಿದೆ. ಗುಣ ಹೊಂದಿದವುಗಳನ್ನು ಆಕಾಶಕ್ಕೆ ಬಿಡುತ್ತದೆ. ಅಂತಹ ಆಸ್ಪತ್ರೆಗಳು ಪ್ರತಿಯೊಂದು ಮಹಾನಗರಕ್ಕೂ ಬೇಕು. ರೋಗಿಷ್ಠ ಗಿಳಿಯನ್ನು ತಾವಾಗಿ ತಂದೊಪ್ಪಿಸುವವರ ಮೇಲೆ ಮೊಕದ್ದಮೆ ಹೂಡದೆ, ಸಂತೆಯಲ್ಲಿ ಮರಿಗಳನ್ನು ಮಾರುವವರನ್ನು ಅರಣ್ಯ ಇಲಾಖೆಯವರು ಹಿಡಿಯಲಿ.

ವಾಚಕರಿಗೂ ನಮ್ಮದೊಂದು ಮಾತು. ಹೋಟೆಲಿನ ಗಲ್ಲೆಯ ಬಳಿಯಾಗಲಿ, ಮನೆಯ ಪಡಸಾಲೆಯಲ್ಲಾಗಲಿ ಹೊಸ ಪಂಜರವನ್ನು ತೂಗಹಾಕಬೇಡಿರಿ. ಈಗಾಗಲೇ ಇರುವ ಗಿಳಿಯು ಕಾಯಿಲೆ ಬಿದ್ದರೆ ಅಂದೇ ವೈದ್ಯರಲ್ಲಿಗೆ ಒಯ್ಯಿರಿ. ಅದು ಬದುಕಬೇಕೆಂದು ಬಯಸುವವರು ಅದು ಪಂಜರಕ್ಕೆ ಮರಳದೆ ಇರುವುದಕ್ಕೂ ಸಿದ್ಧರಾಗಿರಬೇಕು.